ಅಕ್ಕಂಗೆ ಬ್ರೆಸ್ಟ್ ಕ್ಯಾನ್ಸರ್, ಮೊದ್ಲು ನ್ಯಾಚುರಲ್ ಆಗಿ ನೋಡೋಣ ಅಂತಿದಾಳೆ, ಏನ್ ಮಾಡ್ಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಅಕ್ಕನ ಬಯಾಪ್ಸಿ ರಿಪೋರ್ಟ್ ಬಂತು, ಬ್ರೆಸ್ಟ್ ಕ್ಯಾನ್ಸರ್, ಎರಡನೇ ಸ್ಟೇಜ್ ಅಂತೆ. ಡಾಕ್ಟ್ರು ಆಪರೇಷನ್ ಮಾಡಿ ಆಮೇಲೆ ಕೀಮೋ ಕೊಡ್ಬೇಕಾಗ್ಬಹುದು ಅಂದಿದಾರೆ, ಇವ್ಳಿಗೆ ಕೀಮೋ ಅಂದ್ರೆ ಸಾಕು ಜೀವ ಹೋಗುತ್ತೆ, ಯಾರೋ ಕಳ್ಸಿದ ವಿಡಿಯೋ ನೋಡ್ಕೊಂಡು ಸಕ್ಕರೆ ಬಿಡ್ತೀನಿ, ಹಸಿ ತರಕಾರಿ ಜ್ಯೂಸ್ ಕುಡಿತೀನಿ, ಅರಿಶಿನದ ಕ್ಯಾಪ್ಸೂಲ್, ಆಪ್ರಿಕಾಟ್ ಬೀಜ ತಗೋತೀನಿ, ಮೂರ್ ತಿಂಗ್ಳು ನೋಡಿ ಆಗ್ಲಿಲ್ಲ ಅಂದ್ರೆ ಆಸ್ಪತ್ರೆ ಎಲ್ಲಿಗೂ ಓಡಿಹೋಗಲ್ಲ ಅಂತಾಳೆ. ಭಯ ಪಟ್ಕೊಂಡಿರೋಳನ್ನ ಬೈಯೋಕೆ ಮನಸ್ಸು ಬರಲ್ಲ, ಹೂಂ ಅನ್ನೋಕೂ ಆಗ್ತಿಲ್ಲ. ತಿಳಿದೋರು ಹೇಳಿ.

ಉತ್ತರ 1:
ಆಸ್ಪತ್ರೆ ಎಲ್ಲೂ ಹೋಗಲ್ಲ ನಿಜ, ಆದ್ರೆ ಗಡ್ಡೆನೂ ಸುಮ್ನೆ ಕೂತಿರಲ್ವಲ್ಲ. ಎರಡನೇ ಸ್ಟೇಜ್ ಅಂದ್ರೆ ಪೂರ್ತಿ ವಾಸಿ ಮಾಡ್ಬೇಕು ಅನ್ನೋ ಗುರಿ ಇಟ್ಕೊಂಡೇ ಟ್ರೀಟ್‌ಮೆಂಟ್ ಕೊಡೋ ಹಂತ, ಶ್ವಾಸಕೋಶಕ್ಕೋ ಮೂಳೆಗೋ ಹರಡಿದ್ಮೇಲೆ ಅದೇ ಡಾಕ್ಟ್ರು ವಾಸಿ ಅನ್ನೋ ಮಾತು ಬಿಟ್ಟು ಹತೋಟಿ ಅಂತಾರೆ. ಯೇಲ್ ಯೂನಿವರ್ಸಿಟಿಯವ್ರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ, ಕ್ಯಾನ್ಸರ್ ದೂರದ ಅಂಗಗಳಿಗೆ ಹರಡದೇ ಇದ್ದೋರಲ್ಲಿ ಬರೀ ಪರ್ಯಾಯ ಚಿಕಿತ್ಸೆ ಆರಿಸ್ಕೊಂಡ 281 ಜನರನ್ನ ಮಾಮೂಲಿ ಚಿಕಿತ್ಸೆ ತಗೊಂಡ 560 ಜನರ ಜೊತೆ ಹೋಲಿಸಿದ್ರು. ಪರ್ಯಾಯ ಚಿಕಿತ್ಸೆಯವ್ರಿಗೆ ಒಟ್ಟಾರೆ ಸಾವಿನ ಅಪಾಯ ಎರಡೂವರೆ ಪಟ್ಟು, ಬ್ರೆಸ್ಟ್ ಕ್ಯಾನ್ಸರಲ್ಲಂತೂ ಐದು ಪಟ್ಟಿಗಿಂತ ಜಾಸ್ತಿ. ಇದನ್ನ ಅಕ್ಕನ ಮುಖಕ್ಕೆ ಹೊಡೆದಂಗೆ ಹೇಳ್ಬೇಡಿ, ಆದ್ರೆ ನಿಮ್ ಮನಸ್ಸಲ್ಲಿರ್ಲಿ.

ಉತ್ತರ 2:
ಆಪ್ರಿಕಾಟ್ ಬೀಜ ಮೊದ್ಲು ಮನೆಯಿಂದ ಆಚೆ ಹಾಕಿ ದಯವಿಟ್ಟು. ಅದ್ರಲ್ಲಿರೋ ಅಮಿಗ್ಡಲಿನ್ ಅನ್ನೋ ಪದಾರ್ಥ ಹೊಟ್ಟೆಗೆ ಹೋದ್ರೆ ಸಯನೈಡ್ ಬಿಡುಗಡೆ ಆಗುತ್ತೆ. ಅದ್ರಿಂದ ಮಾಡಿದ ಲೇಟ್ರೈಲ್ ಅನ್ನೋ ಔಷಧಿನ ಅಮೆರಿಕದಲ್ಲಿ 178 ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು 1982ರಲ್ಲಿ ಫಲಿತಾಂಶ ಹಾಕಿದ್ರು, ವಾಸಿ ಆಗೋದಿರ್ಲಿ ಕೆಲವ್ರ ರಕ್ತದಲ್ಲಿ ಸಯನೈಡ್ ಅಪಾಯದ ಮಟ್ಟಕ್ಕೆ ಹೋಗಿತ್ತು.

ಗಿಡಮೂಲಿಕೆ ಅಂದ್ರೆ ಡಾಕ್ಟ್ರಿಗೆ ಆಗಲ್ಲ ಅನ್ನೋದೂ ಸುಳ್ಳು. ನಿತ್ಯಪುಷ್ಪದ ಗಿಡದಿಂದ ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಔಷಧಿ ಬಂತು, ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಅದೇ ಬೇಕು. ನಿಮ್ಮಕ್ಕ ಹೆದರ್ತಿರೋ ಬ್ರೆಸ್ಟ್ ಕ್ಯಾನ್ಸರ್ ಕೀಮೋನಲ್ಲೇ ಬಳಸೋ ಪ್ಯಾಕ್ಲಿಟಾಕ್ಸೆಲ್ ಮೊದ್ಲು ಸಿಕ್ಕಿದ್ದು ಯೂ ಮರದ ತೊಗಟೆಯಲ್ಲಿ! ಅವು ಗಿಡದಿಂದ ಬಂದಿದ್ರೂ ಎಷ್ಟು ಕೊಡ್ಬೇಕು, ಯಾರಿಗೆ, ಏನ್ ಅಪಾಯ ಅಂತ ರೋಗಿಗಳ ಮೇಲೆ ಪರೀಕ್ಷೆ ಆಗಿದೆ, ಆ ವಿಡಿಯೋದವ್ರ ಹತ್ರ ಅದಿಲ್ಲ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಬೀಜ ಬಿಡೋಕೆ ಒಪ್ಪಿದಾಳೆ. ಅರಿಶಿನ, ಜ್ಯೂಸ್ ಕೀಮೋ ಜೊತೆಗೆ ತಗೋಬಹುದಾ? ಕೀಮೋ ಬೇಡ್ವೇ ಬೇಡ ಅನ್ನೋಕೆ ಏನಾದ್ರೂ ದಾರಿ ಇದೆಯಾ?

ಉತ್ತರ 3:
ನಾನು ಕೀಮೋ ತಗೊಂಡೋಳು, ಅದಕ್ಕೆ ಬರೀತಿದೀನಿ ತಂಗಿ. ಅಡುಗೆಗೆ ಹಾಕೋ ಅರಿಶಿನ ಬೇರೆ, ಡೋಸ್ ಜಾಸ್ತಿ ಇರೋ ಕ್ಯಾಪ್ಸೂಲ್ ಬೇರೆ, ಕ್ಯಾಪ್ಸೂಲ್ ಯಾವ್ದೇ ಇರ್ಲಿ ಆಂಕಾಲಜಿಸ್ಟ್‌ಗೆ (ಕ್ಯಾನ್ಸರ್ ಡಾಕ್ಟ್ರಿಗೆ) ಅದ್ರ ಹೆಸ್ರು ಹೇಳಿ, ಬೈತಾರೆ ಅಂತ ಮುಚ್ಚಿಡ್ಬೇಡಿ, ಕೆಲವು ಮೂಲಿಕೆ ಕೀಮೋ ಔಷಧಿ ಜೊತೆ ಸೇರಿ ಅದ್ರ ಪ್ರಭಾವನೇ ಏರುಪೇರು ಮಾಡುತ್ತೆ. ಕೀಮೋ ಆದ್ಮೇಲೆ ಬಿಳಿ ರಕ್ತಕಣ ಇಳಿದಿರುವಾಗ ಸರಿಯಾಗಿ ತೊಳೀದೇ ಇರೋ ಹಸಿ ತರಕಾರಿ ಜ್ಯೂಸಿಂದ ಇನ್ಫೆಕ್ಷನ್ ಆಗ್ಬಹುದು, ಆ ದಿನಗಳಲ್ಲಿ ಬೇಯಿಸಿದ್ದೇ ತಿನ್ಲಿ. ಜ್ವರ 38 ಡಿಗ್ರಿ ದಾಟಿದ್ರೆ ಮಧ್ಯರಾತ್ರಿ ಆದ್ರೂ ಆಸ್ಪತ್ರೆಗೆ ಹೋಗಿ.

ಕೂದ್ಲು ಹೋಯ್ತು ನಂಗೂ, ಅತ್ತೆ ತುಂಬಾ, ಆದ್ರೆ ಮತ್ತೆ ಬಂತು. ವಾಂತಿಗೆ ಈಗ ಒಳ್ಳೆ ಮಾತ್ರೆಗಳಿವೆ, ಕೀಮೋ ಶುರು ಮಾಡೋ ಮೊದ್ಲೇ ಕೊಡ್ತಾರೆ. ಯೋಗ, ದಿನಾ ನಡೆಯೋದು ಖಂಡಿತ ಮಾಡ್ಲಿ, ಸುಸ್ತು ಕಮ್ಮಿ ಆಗೋದು ನಿಜ.

ಕೀಮೋ ತಪ್ಪಿಸೋ ದಾರಿ ಕೇಳಿದ್ರಲ್ಲ, ಕೆಲವ್ರಿಗೆ ಇದೆ. ರಿಪೋರ್ಟಲ್ಲಿ ಇಆರ್, ಪಿಆರ್ (ಗಡ್ಡೆ ಹಾರ್ಮೋನಿಗೆ ಸ್ಪಂದಿಸುತ್ತಾ ಅಂತ ತೋರ್ಸೋವು), ಹರ್2 (ಗಡ್ಡೆ ಬೆಳೆಯೋಕೆ ಕಾರಣ ಆಗೋ ಒಂದು ಪ್ರೋಟೀನ್) ಏನ್ ಬಂದಿದೆ ನೋಡಿ. ಹಾರ್ಮೋನ್ ಪಾಸಿಟಿವ್, ಹರ್2 ನೆಗೆಟಿವ್, ಕಂಕುಳ ಗಂಟಿಗೆ ಹರಡಿಲ್ಲ ಅಂದ್ರೆ ಗಡ್ಡೆಯ ಜೀನ್ ಟೆಸ್ಟ್ ಮಾಡಿಸಿ, ಅಂಥ ಎಷ್ಟೋ ಜನಕ್ಕೆ ಹಾರ್ಮೋನ್ ಮಾತ್ರೆನೇ ಸಾಕು, ಕೀಮೋ ಬೇಕಿಲ್ಲ ಅಂತ 2018ರಲ್ಲಿ ಟೇಲರ್‌ಎಕ್ಸ್ ಅನ್ನೋ ಟ್ರಯಲ್ (ರೋಗಿಗಳ ಮೇಲೆ ನಡೆದ ಅಧ್ಯಯನ) ತೋರಿಸ್ತು. "ನಂಗೆ ಕೀಮೋಯಿಂದ ಎಷ್ಟು ಲಾಭ, ಬಿಟ್ರೆ ಏನ್ ರಿಸ್ಕ್" ಅಂತ ಅಕ್ಕನೇ ಡಾಕ್ಟ್ರನ್ನ ಕೇಳ್ಲಿ, ಇನ್ನೊಬ್ರು ಆಂಕಾಲಜಿಸ್ಟ್ ಹತ್ರಾನೂ ಒಂದ್ಸಲ ತೋರಿಸಿ. ಅಷ್ಟರಲ್ಲಿ ಆಪರೇಷನ್ ಡೇಟ್ ಮಾತ್ರ ಮುಂದಕ್ಕೆ ಹಾಕ್ಬೇಡಿ.