ಪದಚರ್ಚೆ: ‘ಫಾಸ್ಟ್ ಲೆನ್ಸ್’ ಅಂದ್ರೆ ‘ವೇಗದ ಮಸೂರ’ನಾ? ‘ಬಾಯಿ’ ಅನ್ನೋ ಪದ ಒಗ್ಗತ್ತಾ?

ಎಲ್ರಿಗೂ ನಮಸ್ಕಾರ. ಒಂದು ಪದ ಸುಮಾರು ದಿನದಿಂದ ತಲೇಲಿ ಕೊರೀತಾ ಉಂಟು, ಇಲ್ಲಿ ಕೇಳಿದ್ರೆ ಬಗೆಹರೀಬಹುದು ಅಂತ ಬರೀತಿದ್ದೀನಿ. ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಲ್ಲಿ ಓದಿ.

ಕ್ಯಾಮೆರಾದವರು ‘ಫಾಸ್ಟ್ ಲೆನ್ಸ್’ ಅಂತಾರಲ್ಲ, ದೊಡ್ಡದಾಗಿ ತೆರ್ಕೊಂಡು ಹೆಚ್ಚು ಬೆಳಕು ಒಳಗೆ ಬಿಡೋ ಲೆನ್ಸ್, ಅದಕ್ಕೆ ಕನ್ನಡದಲ್ಲಿ ಏನು ಅನ್ನೋದು? ನಾನು ಇಲ್ಲಿವರೆಗೆ ‘ವೇಗದ ಲೆನ್ಸ್’ ಅಂತಲೇ ಬರ್ಕೊಂಡು ಬಂದಿದ್ದೆ, ಅದು ತಪ್ಪು ಅಂತ ಹೋದ ವರ್ಷ ಗೊತ್ತಾಯ್ತು, ಅದೂ ಬೇರೆಯವರ ದುಡ್ಡು ಖರ್ಚಾದ ಮೇಲೆ.

ನಾನಿರೋದು ಕೊಡಗಿನ ನಾಪೋಕ್ಲು ಹತ್ರ, ಕಾಫಿ ತೋಟ. ಬೆಟ್ಟದ ಫೋಟೋ, ರಾತ್ರಿ ಆಕಾಶದ ಫೋಟೋ ತೆಗೆಯೋ ಹುಚ್ಚು ಹಳೇದು. ಪಕ್ಕದ ಊರಿನ ಒಬ್ಬ ಹುಡುಗ, ಡಿಗ್ರಿ ಓದ್ತಿದಾನೆ, ರಜೇಲಿ ಕಾಫಿ ಕುಯ್ಲಿಗೆ ಹೋಗಿ ದುಡ್ಡು ಸೇರಿಸಿದ್ದ, ‘ನಕ್ಷತ್ರ ತೆಗೆಯೋಕೆ ಯಾವ ಲೆನ್ಸ್ ತಗೊಳ್ಳಲಿ’ ಅಂತ ಕೇಳ್ದ. ನಾನು ಒಂದು ಚೀಟಿಲಿ ‘ವೇಗದ ಲೆನ್ಸ್ ಆಗ್ಬೇಕು, ವೈಡ್ ಇರ್ಬೇಕು’ ಅಂತ ಬರೆದುಕೊಟ್ಟೆ. ಅವನು ಅದನ್ನೇ ಹಿಡ್ಕೊಂಡು ಹೋಗಿ ಅಂಗಡೀಲಿ ಕೇಳಿದ್ದಾನೆ, ಅವರು ‘ಇದು ಬಹಳ ವೇಗ, ಹಾರೋ ಹಕ್ಕಿನೂ ತಕ್ಷಣ ಹಿಡಿಯತ್ತೆ’ ಅಂತ ಒಂದು ಜೂಮ್ ಕೊಟ್ಟಿದ್ದಾರೆ. ಅವರು ಹೇಳಿದ್ದು ಸುಳ್ಳಲ್ಲ, ಅದರ ಆಟೋಫೋಕಸ್ ನಿಜವಾಗ್ಲೂ ವೇಗ. ಆದ್ರೆ 18 ಎಂಎಂ ತುದೀಲಿ, ಅಂದ್ರೆ ಹೆಚ್ಚು ಜಾಗ ಕಾಣೋ ಕಡೆ, ಅದು ತೆರೆಯೋದು ಎಫ್ 3.5ವರೆಗೆ ಮಾತ್ರ, ಜೂಮ್ ಮಾಡಿದ ಹಾಗೆ ಎಫ್ 5.6ಕ್ಕೆ ಇಳಿಯತ್ತೆ (ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸ್ ದೊಡ್ಡದಾಗಿ ತೆರ್ಕೊಳ್ಳತ್ತೆ). ಎಫ್ 1.4 ಇರೋ ಲೆನ್ಸ್ ಪಕ್ಕ ಇಟ್ಟರೆ ಇದರಿಂದ ಸೆನ್ಸರ್ ಮೇಲೆ, ಅಂದ್ರೆ ಫಿಲಂ ಜಾಗದಲ್ಲಿರೋ ಚಿಪ್ ಮೇಲೆ, ಬೀಳೋ ಬೆಳಕು ಆರನೇ ಒಂದು ಪಾಲಿಗಿಂತಲೂ ಕಮ್ಮಿ. ಹುಡುಗನ ಮೊದಲ ಆಕಾಶಗಂಗೆ ಫೋಟೋ ಪೂರ್ತಿ ಮಸಿ ಬಳಿದ ಹಾಗೆ ಬಂತು, ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸೋ ಮಟ್ಟ) ಏರಿಸಿದ್ರೆ ರವೆ ರವೆ. ಚೀಟಿಲಿದ್ದ ನನ್ನ ಪದವೇ ಅವನನ್ನ ದಾರಿ ತಪ್ಪಿಸಿತ್ತು, ಅದು ನಂಗೆ ಬಹಳ ಬೇಜಾರಾಯ್ತು.

ಇಂಗ್ಲಿಷಲ್ಲಿ ಫಾಸ್ಟ್ ಅಂತ ಯಾಕೆ ಅಂದ್ರೆ, ಲೆನ್ಸ್ ದೊಡ್ಡದಾಗಿ ತೆರ್ಕೊಂಡ್ರೆ ಬೆಳಕು ಹೆಚ್ಚು ಬರತ್ತೆ, ಹಾಗಾಗಿ ಶಟರ್ ಬೇಗ ಮುಚ್ಚಬಹುದು, ಆ ‘ಬೇಗ’ ಲೆನ್ಸ್ ಮೇಲೆ ಬಂದು ಕೂತಿದೆ. ಅಂದ್ರೆ ಫಲದ ಹೆಸರನ್ನ ಕಾರಣಕ್ಕೆ ಇಟ್ಟಿದ್ದಾರೆ. ನಕ್ಷತ್ರದ ಕೆಲಸದಲ್ಲಂತೂ ಶಟರ್ 15-20 ಸೆಕೆಂಡ್ ಬಿಟ್ಕೊಂಡೇ ಕೂರ್ತೀವಿ, ಅಲ್ಲಿ ವೇಗ ಎಲ್ಲಿಂದ ಬಂತು? ಕನ್ನಡಕ್ಕೆ ತರೋವಾಗ ಆ ಫಲದ ಪದ ಯಾಕೆ ಹೊತ್ಕೊಂಡು ಬರ್ಬೇಕು, ಕಾರಣದ ಪದವನ್ನೇ ಇಡೋಣ ಅನ್ನೋದು ನನ್ನ ವಾದ.

ಕಾರಣ ಅಂದ್ರೆ ಅಪರ್ಚರ್, ಲೆನ್ಸಿನೊಳಗೆ ಬೆಳಕು ಬರೋ ತೂತು. ಸ್ಕೂಲ್ ಪುಸ್ತಕದ ಪದ ದ್ಯುತಿರಂಧ್ರ. ಅರ್ಥ ಸರಿ ಇದೆ, ಆದ್ರೆ ನಾಲಿಗೆಗೆ ಕಷ್ಟ, ಮತ್ತೆ ರಂಧ್ರ ಅಂದ ಕೂಡ್ಲೇ ಮಕ್ಕಳಿಗೆ ತೂತು, ಸೋರಿಕೆ ಇವೇ ಹೊಳೆಯೋದು, ದೊಡ್ಡವರಿಗೆ ರಂಧ್ರಾನ್ವೇಷಣೆ. ‘ಎಫ್ 2ರಲ್ಲಿ ದ್ಯುತಿರಂಧ್ರ ವಿಸ್ತಾರವಾಗಿರುತ್ತದೆ’ ಅಂತ ಕಣದಲ್ಲಿ ಕತ್ತಲಲ್ಲಿ ಚಳೀಲಿ ನಿಂತು ಯಾರೂ ಹೇಳಲ್ಲ.

ನಂಗೆ ಹೊಳೆದಿರೋದು ಎರಡು ಪದ, ಕಣ್ಣು ಮತ್ತು ಬಾಯಿ.

ಕಣ್ಣು ಯಾಕೆ ಅಂದ್ರೆ, ನಾನು ಚಿಕ್ಕವನಿದ್ದಾಗ ಮಡಿಕೇರೀಲಿ ಸ್ಟುಡಿಯೋ ಇಟ್ಕೊಂಡಿದ್ದ ಹಿರಿಯರೊಬ್ಬರು ಹುಡುಗರಿಗೆ ‘ಕಣ್ಣು ಇನ್ನೂ ಸ್ವಲ್ಪ ಬಿಡ್ಸು’ ಅಂತಿದ್ರು, ಅಪರ್ಚರ್ ತೆರಿ ಅಂತ. ಕನ್ನಡದಲ್ಲಿ ತೂತಿಗೆ ಕಣ್ಣು ಅನ್ನೋದು ಇದ್ದದ್ದೇ, ಸೂಜಿ ಕಣ್ಣು, ಜರಡಿ ಕಣ್ಣು, ತೆಂಗಿನಕಾಯಿ ಕಣ್ಣು. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಅಗಲ ಆಗೋದೂ ಹೊಂದತ್ತೆ. ಆದ್ರೆ ‘ದೊಡ್ಡಕಣ್ಣಿನ ಲೆನ್ಸ್’ ಅಂತ ಆ ಹುಡುಗನಿಗೆ ಹೇಳಿ ನೋಡ್ದೆ, ಅವನು ‘ಅಂದ್ರೆ ಜಾಸ್ತಿ ಜಾಗ ಕಾಣೋದಾ’ ಅಂದ. ಕಣ್ಣು ಅಂದ್ಮೇಲೆ ನೋಟ ಅಂಟ್ಕೊಂಡೇ ಬರತ್ತೆ, ಅದನ್ನ ತಪ್ಪಿಸೋಕಾಗಲ್ಲ. ಹಾಗಾಗಿ ಅದು ಫೇಲ್.

ಬಾಯಿ ಹಾಗಲ್ಲ. ಬಾವಿ ಬಾಯಿ, ಚೀಲದ ಬಾಯಿ, ಬಿಂದಿಗೆ ಬಾಯಿ, ಏನೋ ಒಂದು ಒಳಗೆ ಹೋಗೋ ಜಾಗ ಅಷ್ಟೇ, ಅದಕ್ಕೂ ನೋಡೋದಕ್ಕೂ ಸಂಬಂಧ ಇಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಅಂಗಳಕ್ಕೆ ಒಂದು ತಂಬಿಗೆ, ಒಂದು ಅಗಲಬಾಯಿ ಬೋಗುಣಿ ಇಟ್ಟು ಕಾಲು ಗಂಟೆ ಬಿಟ್ಟು ಎರಡರ ನೀರನ್ನೂ ಅಳೆದು ನೋಡಿ, ಮಳೆ ಎರಡಕ್ಕೂ ಒಂದೇ, ಹೊತ್ತು ಒಂದೇ, ಬಾಯಿ ಬೇರೆ. ಲೆನ್ಸ್ ಮಾಡೋದೂ ಅಷ್ಟೇ. ನಕ್ಷತ್ರ ಒಂದು ಚುಕ್ಕಿ, ಅದರಿಂದ ಎಷ್ಟು ಬೆಳಕು ಹಿಡಿದೆ ಅನ್ನೋದು ಬಾಯಿ ನಿಜವಾಗಿ ಎಷ್ಟು ಎಂಎಂ ಅಗಲ ಅನ್ನೋದ್ರ ಮೇಲೆ ನಿಂತಿದೆ. ಆ ಅಗಲ ಕಂಡುಹಿಡಿಯೋದು ಸುಲಭ, ಲೆನ್ಸಿನ ಎಂಎಂನ (ಫೋಕಲ್ ಲೆಂಗ್ತ್) ಎಫ್ ಅಂಕಿಯಿಂದ ಭಾಗಿಸೋದು. 14 ಎಂಎಂ ಎಫ್ 2.8 ಅಂದ್ರೆ ಬಾಯಿ 5 ಎಂಎಂ, ಒಂದು ಒಳ್ಳೆ ಕಾಳುಮೆಣಸಿನಷ್ಟು. 24 ಎಂಎಂ ಎಫ್ 1.4 ಅಂದ್ರೆ 17 ಎಂಎಂ, ದಪ್ಪ ಅರೇಬಿಕಾ ಹಣ್ಣಿನಷ್ಟು. ಮೆಣಸಿನಕಾಳಿಗೂ ಕಾಫಿ ಹಣ್ಣಿಗೂ ಎಷ್ಟು ವ್ಯತ್ಯಾಸ ಅಂತ ನಮ್ಮ ಹುಡುಗರಿಗೆ ಬಿಡಿಸಿ ಹೇಳೋದು ಬೇಡ, ಕೈಯಲ್ಲಿ ಇಟ್ಟು ತೋರಿಸ್ದೆ, ಗೊತ್ತಾಯ್ತು. ಅಡ್ಡಳತೆ ಮೂರೂವರೆ ಪಟ್ಟು ಹತ್ರ, ಬಾಯಿಯ ವಿಸ್ತೀರ್ಣ ಹನ್ನೊಂದು ಪಟ್ಟು ಮೀರಿ.

‘ಬಾಯಿ’ ಇಟ್ಕೊಂಡ್ರೆ ಇನ್ನೊಂದು ಗಂಟೂ ಬಿಚ್ಕೊಳ್ಳತ್ತೆ. ನಾವೆಲ್ಲ ‘ವೈಡ್’ ಅನ್ನೋದನ್ನ ಎರಡಕ್ಕೂ ಬಳಸ್ತೀವಿ. ‘ವೈಡ್ ಇಟ್ಟು ತೆಗಿ’ ಅಂದ್ರೆ ಅಪರ್ಚರ್ ಪೂರ್ತಿ ತೆರಿ ಅಂತಲಾ, ಜಾಸ್ತಿ ಜಾಗ ಕಾಣೋ ವೈಡ್ ಆ್ಯಂಗಲ್ ಲೆನ್ಸ್ ಹಾಕು ಅಂತಲಾ? ನನ್ನ ಚೀಟಿಯ ಎರಡನೇ ತಪ್ಪು ಇದೇ. ಕನ್ನಡದಲ್ಲಿ ಅಗಲಬಾಯಿ, ಅಗಲನೋಟ ಅಂತ ಎರಡು ಮಾಡಿಬಿಟ್ರೆ ಯಾರಿಗೂ ಗೊಂದಲ ಇಲ್ಲ. ಆಕಾಶಗಂಗೆಗೆ ಅಗಲಬಾಯಿನೂ ಬೇಕು ಅಗಲನೋಟನೂ ಬೇಕು. ಬೆಟ್ಟಕ್ಕೆ ಎರಡೂ ಕಡ್ಡಾಯ ಅಲ್ಲ. ಇದನ್ನ ಒತ್ತಿ ಹೇಳ್ತೀನಿ ಯಾಕಂದ್ರೆ ಲ್ಯಾಂಡ್‌ಸ್ಕೇಪ್ ಅಂದ್ರೆ ವೈಡ್ ಅಂತ ಎಲ್ರೂ ನಂಬಿದ್ದಾರೆ. ಕಕ್ಕಬ್ಬೆ ಕಡೆಯಿಂದ ತಡಿಯಂಡಮೋಳನ್ನ 14 ಎಂಎಂನಲ್ಲಿ ತೆಗೆದು ನೋಡಿ, 1748 ಮೀಟರ್ ಬೆಟ್ಟ, ಕೊಡಗಿಗೇ ಎತ್ತರದ್ದು, ಫೋಟೋದಲ್ಲಿ ಹುತ್ತದಷ್ಟು ಕಾಣತ್ತೆ. ಮಡಿಕೇರಿಯ ರಾಜಾಸೀಟಿನಲ್ಲಿ ಬೆಳಿಗ್ಗೆ ಮಂಜು ಕೊಲ್ಲಿ ತುಂಬ್ಕೊಂಡು ಬೆಟ್ಟದ ಹಿಂದೆ ಬೆಟ್ಟ ಪದರ ಪದರ ನಿಂತಿರುವಾಗ ದೂರದ್ದನ್ನ ಹತ್ರ ತರೋ 70-200 ಎಂಎಂ ಜೂಮಿನಷ್ಟು ಚೆನ್ನಾಗಿ ಬೇರೆ ಯಾವ್ದೂ ಹಿಡಿಯಲ್ಲ, ಟ್ರೈಪಾಡ್ ಇದ್ರೆ ಬಾಯಿ ಸಣ್ಣದಿದ್ರೂ ನಡೆಯತ್ತೆ.

ಸಣ್ಣ ಬಾಯಿ ಅಂದಾಗ ಇನ್ನೊಂದು ತೊಡಕು ಬರತ್ತಲ್ಲ, ಅಂಕಿ ದೊಡ್ಡದಾದ್ರೆ ಬಾಯಿ ಸಣ್ಣದು, ಹೊಸಬರು ಎಲ್ರೂ ಎಡವೋ ಜಾಗ. ಇದಕ್ಕೆ ಪದ ಹುಡುಕ್ತಾ ಹೋದಾಗ ನಂಗೆ ನಮ್ಮಜ್ಜಿ ಲೆಕ್ಕ ನೆನಪಾಯ್ತು, ಅರೆ, ಕಾಲು, ಅರೆಕಾಲು, ವೀಸ. ಎಫ್ 2 ಅಂದ್ರೆ ಲೆನ್ಸಿನ ಉದ್ದಳತೆಯ (ಅದೇ ಎಂಎಂ) ಅರೆ ಪಾಲು ಬಾಯಿ, ಎಫ್ 4 ಕಾಲು ಪಾಲು, ಎಫ್ 8 ಅರೆಕಾಲು ಪಾಲು, ಎಫ್ 16 ವೀಸ ಪಾಲು. ಹದಿನಾರನೇ ಒಂದು ಪಾಲಿಗೆ ವೀಸ ಅಂತ ಹಳೇ ಕನ್ನಡ ಲೆಕ್ಕದಲ್ಲಿ ಇದ್ದದ್ದೇ, ಈಗ ಕ್ಯಾಮೆರಾ ಬಂದು ಅದೇ ಮೆಟ್ಟಿಲಲ್ಲಿ ನಿಂತಿದೆ ನೋಡಿ! ಅರೆಗಿಂತ ಕಾಲು ಸಣ್ಣದು, ಕಾಲಿಗಿಂತ ವೀಸ ಸಣ್ಣದು ಅನ್ನೋದು ಕನ್ನಡ ಬಂದವರಿಗೆ ಹೇಳಿಕೊಡೋ ಅಗತ್ಯನೇ ಇಲ್ಲ. ಒಂದೊಂದು ಮೆಟ್ಟಿಲಿಗೆ ಬೆಳಕು ನಾಲ್ಕನೇ ಒಂದು ಪಾಲಾಗತ್ತೆ, ಯಾಕಂದ್ರೆ ಬಾಯಿ ಉದ್ದಕ್ಕೂ ಅರ್ಧ ಅಗಲಕ್ಕೂ ಅರ್ಧ. ‘ಬೆಟ್ಟಕ್ಕೆ ಅರೆಕಾಲು ಇಡು, ವೀಸ ದಾಟಬೇಡ, ಫೋಟೋ ಮಂಕಾಗತ್ತೆ’ ಅಂತ ನಾನೀಗ ಹೇಳೋಕೆ ಶುರು ಮಾಡಿದ್ದೀನಿ. ಮಧ್ಯೆ ಬರೋ 1.4, 2.8, 5.6, 11 ಇವಕ್ಕೆ ಮಾತ್ರ ಹೀಗೆ ಸಿಗಲ್ಲ, ಅವು ಅಂಕಿಯಾಗೇ ಇರಲಿ. ಹಳೇ ಕಡತ, ಶಾಸನ ಓದುವವರು ಇಲ್ಲಿ ಇದ್ದೀರಿ, ವೀಸ ಅನ್ನೋದನ್ನ ಅಳತೆಗೆ ಹೀಗೆ ಬಳಸಿದ್ರೆ ಕಿವಿಗೆ ಒರಟಾಗತ್ತಾ, ದುಡ್ಡಿನ ಲೆಕ್ಕಕ್ಕೇ ಅಂಟ್ಕೊಂಡಿರೋ ಪದನಾ ಹೇಳಿ.

ಮೇಲೆ ‘ಉದ್ದಳತೆ’ ಅಂದೆ, ಅದು ಫೋಕಲ್ ಲೆಂಗ್ತ್‌ಗೆ. ಪುಸ್ತಕದಲ್ಲಿ ಸಂಗಮದೂರ. ಅದು ನಂಗೆ ಇಷ್ಟ, ಬೆಳಕಿನ ಕಿರಣಗಳು ಕೂಡೋ ದೂರ, ಭಾಗಮಂಡಲದ ತ್ರಿವೇಣಿ ಸಂಗಮ ನೋಡಿದ ಮಕ್ಕಳಿಗೆ ಸಂಗಮ ಏನು ಅಂತ ಹೇಳ್ಬೇಕಾ. ಫೋಕಸ್ ಅನ್ನೋ ಪದಕ್ಕೆ ಲ್ಯಾಟಿನಲ್ಲಿ ಮೂಲ ಅರ್ಥ ಒಲೆ, ಲೆನ್ಸ್ ಅಂದ್ರೆ ಬೇಳೆ, ನಮ್ಮ ಮಸೂರನೂ ಅದೇ ಮಸೂರ್ ಬೇಳೆ, ಚನ್ನಂಗಿ ಬೇಳೆ. ಹಾಗಾದ್ರೆ ಪಂಡಿತರ ಪದಾನೂ ಅಡುಗೆಮನೆಯಿಂದಲೇ ಬಂದಿದ್ದು, ನನ್ನ ಬೋಗುಣಿ ಬಾಯಿ ಏನೂ ಕೀಳಲ್ಲ.

ಇನ್ನೆರಡು ಪದ ಉಂಟು. ಒಂದು ಇನ್ಫಿನಿಟಿ, ಅಂದ್ರೆ ಬಹಳ ದೂರದ್ದಕ್ಕೆ ಫೋಕಸ್ ಕೂರಿಸೋದು. ‘ಅನಂತಕ್ಕೆ ಫೋಕಸ್ ಮಾಡಿ’ ಅಂತ ಬರೀತೀವಿ. ಹೋದ ಫೆಬ್ರವರೀಲಿ ನಮ್ಮ ಕಾಫಿ ಕಣದಲ್ಲಿ, ಒಣಗಿಸಿದ ಕಾಫಿ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಿದ್ವಿ, ಅದರ ಪಕ್ಕ ಟ್ರೈಪಾಡ್ ನಿಲ್ಸಿದ್ವಿ, ಹುಡುಗ ನಾನು ಹೇಳಿದ ಹಾಗೇ ಲೆನ್ಸಿನ ಫೋಕಸ್ ರಿಂಗನ್ನ ಕೊನೆವರೆಗೆ ತಿರುಗಿಸ್ದ, ಅನಂತ ಅಂದ್ರೆ ಕೊನೆ ತಾನೇ. ನಕ್ಷತ್ರ ಎಲ್ಲ ಬಟಾಣಿ ಬಟಾಣಿ. ತುಂಬಾ ಆಟೋಫೋಕಸ್ ಲೆನ್ಸುಗಳ ರಿಂಗು ಅನಂತದ ಗುರುತನ್ನೂ ದಾಟಿ ತಿರುಗತ್ತೆ. ಆಮೇಲೆ ತೆಂಕು ದಿಕ್ಕಲ್ಲಿ ಅಗಸ್ತ್ಯ ನಕ್ಷತ್ರ ಹೊಳೀತಿತ್ತು, ತಲಕಾವೇರಿ ಕಥೆಯ ಅದೇ ಅಗಸ್ತ್ಯ, ಅದನ್ನ ಪರದೆ ಮೇಲೆ ಹತ್ತು ಪಟ್ಟು ದೊಡ್ಡದು ಮಾಡ್ಕೊಂಡು ರಿಂಗನ್ನ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸ್ದೆ, ಉಬ್ಬಿದ ಬೆಳಕು ಕುಗ್ಗಿ ಕುಗ್ಗಿ ಸೂಜಿ ಮೊನೆ ಆಯ್ತು, ಅಲ್ಲಿ ಟೇಪ್ ಅಂಟಿಸಿದ್ವಿ. ಅನಂತ ಬಿಟ್ಟು ‘ಚುಕ್ಕಿಹದ’ ಅಂದ್ರೆ ಹೇಗೆ? ಪಾಕದ ಎಳೆಹದ ಇರೋ ಹಾಗೆ. ಹದ ಅಂದ್ರೆ ಕೊನೆಗೆ ಹೋಗೋದಲ್ಲ, ನೋಡ್ಕೊಂಡು ನಿಲ್ಸೋದು ಅಂತ ಪದವೇ ಹೇಳತ್ತೆ.

ಇನ್ನೊಂದು ಕೋಮಾ, ಲೆನ್ಸಿನ ಒಂದು ದೋಷ. ಬಾಯಿ ಪೂರ್ತಿ ತೆರೆದಾಗ ಫೋಟೋದ ಮೂಲೇಲಿರೋ ನಕ್ಷತ್ರಗಳಿಗೆ ರೆಕ್ಕೆ ಬಂದ ಹಾಗೆ, ಬಾಲ ಬಂದ ಹಾಗೆ ಆಗತ್ತೆ. ಕಾಮೆಟ್ ಅನ್ನೋದಕ್ಕೂ ಇದಕ್ಕೂ ಮೂಲ ಒಂದೇ, ಗ್ರೀಕಿನ ಕೂದಲು. ನಮ್ಮಲ್ಲಿ ಕಾಮೆಟ್‌ಗೆ ಬಾಲಚುಕ್ಕಿ ಅಂತ ಇದ್ದೇ ಇದೆ, ಹಾಗಾಗಿ ಇದಕ್ಕೆ ‘ಮೂಲೆಬಾಲ’ ಅಂತ ಇಟ್ಟಿದ್ದೀನಿ. ಶಟರ್ ಜಾಸ್ತಿ ಹೊತ್ತು ಬಿಟ್ಟಾಗ ನಕ್ಷತ್ರ ಗೆರೆ ಆಗೋದು ಬೇರೆ, ಅದು ಭೂಮಿ ತಿರುಗೋದ್ರಿಂದ, ಬರೀ ಮೂಲೇಲಿ ಅಲ್ಲ ಫೋಟೋ ತುಂಬ ಬರತ್ತೆ, 500ನ್ನ ಲೆನ್ಸಿನ ಎಂಎಂನಿಂದ ಭಾಗಿಸಿ ಬಂದಷ್ಟು ಸೆಕೆಂಡಿನ ಒಳಗಿದ್ರೆ ಮೇಲ್ನೋಟಕ್ಕೆ ಕಾಣಲ್ಲ, 24 ಎಂಎಂಗೆ 20 ಸೆಕೆಂಡ್ ಹೆಚ್ಚುಕಡಿಮೆ. ಚಿಕ್ಕ ಸೆನ್ಸರಿನ ಕ್ಯಾಮೆರಾ ಆದ್ರೆ ಇನ್ನೂ ಒಂದೂವರೆಯಿಂದ ಭಾಗಿಸ್ಬೇಕು. ಮೂಲೆಬಾಲಕ್ಕೆ ಮದ್ದು ಬಾಯಿ ಸ್ವಲ್ಪ ಕಿರಿದು ಮಾಡೋದು. ಎರಡಕ್ಕೂ ಮದ್ದು ಬೇರೆ ಆದ್ದರಿಂದ ಹೆಸರೂ ಬೇರೆ ಇರ್ಲೇಬೇಕು.

ಬೆಳಗಿನ ಜಾವ ಲೆನ್ಸಿನ ಗಾಜಿನ ಮೇಲೆ ಇಬ್ಬನಿ ಕೂರೋದಕ್ಕೆ ನಮ್ಮ ಹುಡುಗ್ರು ‘ಲೆನ್ಸ್ ಬೆವರ್ತು’ ಅಂತಾರೆ, ಅದಕ್ಕೆ ನಾನು ಕೈ ಹಚ್ಚಲ್ಲ, ಅದು ಅಷ್ಟು ಚೆನ್ನಾಗಿದೆ.

ಈಗ ನನ್ನ ಪ್ರಶ್ನೆ. ನಿಮ್ಮ ಕಡೆ ಸ್ಟುಡಿಯೋದವರು, ಮದುವೆ ಫೋಟೋದವರು, ಹಳೇ ಕಾಲದ ಫಿಲಂ ಕೆಲಸದವರು ಅಪರ್ಚರ್‌ಗೆ ಬಾಯಿ, ಕಣ್ಣು, ಕಿಂಡಿ ಹೀಗೆ ಏನಾದ್ರೂ ಅಂತಿದ್ರಾ? ಯಾರ ಬಾಯಲ್ಲಾದ್ರೂ ಬಳಸಿದ ಪದ ಸಿಕ್ಕಿದ್ರೆ ನನ್ನ ‘ಅಗಲಬಾಯಿ’ ಬಿಟ್ಟು ಅದನ್ನೇ ತಗೊಳ್ತೀನಿ. ಅರೆಭಾಷೆ, ಕೊಡವ ತಕ್ಕ್ ಬಲ್ಲವರೂ ಹೇಳಿ. ಮಳೆಗಾಲ ಬಂದ್ರೆ ನಮಗೆ ಆಕಾಶನೇ ಇಲ್ಲ, ಆಕಾಶಗಂಗೆಯ ನಡುಭಾಗ ಇಲ್ಲಿ ಸಿಗೋದು ಫೆಬ್ರವರೀಲಿ ನಸುಕಿನ ನಾಲ್ಕರ ಹೊತ್ತಿಗೆ ಶುರುವಾಗಿ ಮೇ ಮುಗಿಯೋವರೆಗೆ, ಅದ್ರಲ್ಲೂ ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬಂದು ಧೂಳು ತೊಳೆದ ಮರುದಿನ ರಾತ್ರಿ ಸಿಕ್ಕಿದ್ರೆ ಅದೃಷ್ಟ. ಹುಡುಗರಿಗೆ ಕೊಡೋ ಎರಡು ಪುಟದ ಹಾಳೆಯನ್ನ ಫೆಬ್ರವರಿಯ ಅಮಾವಾಸ್ಯೆಗೆ ಮೊದಲು ಪ್ರಿಂಟ್ ಹಾಕಿಸ್ಬೇಕು, ಅಷ್ಟರೊಳಗೆ ನಿಮ್ಮ ಮಾತು ಬಂದ್ರೆ ಸಾಕು.