ಮೂರನೇ ಪುಟದ ಹೆಣ

ಸೀನು ಚರ್ಚ್ ಸ್ಟ್ರೀಟಿನಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಪುಸ್ತಕಗಳನ್ನು ಟೀಪಾಯಿ ಮೇಲೆ ಹರಡಿ ಫೋಟೋ ತೆಗೆಯಲು ಶುರು ಮಾಡಿದ. ಪಕ್ಕದಲ್ಲಿ ಒಂದು ಲೋಟ ಕಾಫಿ ಬೇಕಂತೆ. ಕುಡಿಯೋಕಲ್ಲ, ಫೋಟೋಗೆ.

"ಎಷ್ಟು ತಂದೆ?" ಎಂದ ನಾಣಿ.

"ಏಳು. ಎಲ್ಲಾ ಪತ್ತೇದಾರಿ. ಸೆಕೆಂಡ್ ಹ್ಯಾಂಡು, ಬಿಟ್ಟಿ ಸಿಕ್ಕ ಹಾಗೆ."

"ಹೋದ ತಿಂಗಳು ತಂದ ಒಂಬತ್ತು?"

"ಅವು ಟಿಬಿಆರ್‌ನಲ್ಲಿವೆ."

ರಾಯರು ಪೇಪರಿನಿಂದ ತಲೆ ಎತ್ತಿದರು. "ಅದೇನಪ್ಪಾ, ಐಸಿಯು ಥರಾನಾ?"

"ಮುಂದೆ ಓದಬೇಕಾದ ಪುಸ್ತಕಗಳು ಅಂತ ರಾಯರೇ. ಕೊಂಡು, ಓದದೆ, ಪೇರಿಸಿಡೋದಕ್ಕೆ ಜಪಾನಿನಲ್ಲಿ ಒಂದು ಪದಾನೇ ಇದೆ. ತ್ಸುಂದೊಕು. ಈಗೆಲ್ಲ ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ."

"ನಮ್ಮಲ್ಲೂ ಪದ ಇದೆ. ಸೋಮಾರಿತನ" ಎಂದ ನಾಣಿ. "ಜಪಾನಿನಿಂದ ತರಿಸಿದರೆ ಮರ್ಯಾದೆ ಜಾಸ್ತಿ, ಅಷ್ಟೇ."

ಸೀನು ಫೋಟೋದ ಬೆಳಕು ಸರಿಮಾಡುವುದರಲ್ಲಿದ್ದ. ನಾಣಿಗೆ ಅದು ಇನ್ನೂ ರೇಗಿಸಿತು.

"ನೋಡು, ಕವನ ಪೇರಿಸಿಡು, ನಾನು ಬೇಡ ಅನ್ನಲ್ಲ. ಕವನ ಕಾಯುತ್ತೆ, ಅದಕ್ಕೆ ಅಭ್ಯಾಸ ಇದೆ. ಕೊಲೆ ಕಾಯುತ್ತೇನೋ? ಮೂರನೇ ಪುಟದಲ್ಲಿ ಹೆಣ ಬಿದ್ದಿರುತ್ತೆ. ಇನ್‌ಸ್ಪೆಕ್ಟರ್ ಬಂದು ಮನೆಯವರನ್ನೆಲ್ಲ ಒಂದು ರೂಮಿನಲ್ಲಿ ಕೂರಿಸಿ, ಯಾರೂ ಊರು ಬಿಡಕೂಡದು ಅಂದಿರುತ್ತಾನೆ. ಅಷ್ಟರಲ್ಲಿ ನೀನು ಪುಸ್ತಕ ಮುಚ್ಚಿ ಕಪಾಟಿಗೆ ಇಟ್ಟೆ. ಪಾಪ, 2011ರಿಂದ ಅವರು ಅಲ್ಲೇ ಕೂತಿದ್ದಾರೆ. ಬಾತ್‌ರೂಮಿಗೂ ಎದ್ದಿಲ್ಲ."

"ನಾನು ತೆರೆದೇ ಇಲ್ಲವಲ್ಲ! ಹಾಗಾದರೆ ಕೊಲೆಯೇ ಆಗಿಲ್ಲ" ಎಂದ ಸೀನು. "ಒಂದು ಲೆಕ್ಕದಲ್ಲಿ ಇನ್ನೂರು ಜೀವ ಉಳಿಸಿದ್ದೇನೆ."

"ಕೊಳ್ಳುವಾಗ ಹಿಂದಿನ ರಕ್ಷಾಪುಟ ಓದಿದೆ ತಾನೇ? ಅದೇ ಎಫ್‌ಐಆರ್. ತನಿಖೆ ಮಾತ್ರ ಆಗಿಲ್ಲ. ಇದು ಪುಸ್ತಕದ ಕಪಾಟಲ್ಲ ಮಾರಾಯ, ಪೊಲೀಸ್ ಸ್ಟೇಷನ್. ಎಲ್ಲಾ ಕೇಸೂ ಪೆಂಡಿಂಗು. ಠಾಣಾಧಿಕಾರಿ ಕಾಫಿ ಲೋಟದ ಫೋಟೋ ತೆಗೀತಿದ್ದಾನೆ."

ರಾಯರು ಪೇಪರು ಮಡಿಸಿದರು. ಅಂದರೆ ನಲವತ್ತು ವರ್ಷ ಹಿಂದಕ್ಕೆ ಹೊರಟರು ಅಂತ ಅರ್ಥ.

"ನಮ್ಮ ಕಾಲದಲ್ಲಿ ಪೆಂಡಿಂಗ್ ಅನ್ನೋದೇ ಇರಲಿಲ್ಲ. ಚಾಮರಾಜಪೇಟೆಯಲ್ಲಿ ಬಾಡಿಗೆ ಲೈಬ್ರರಿ. ದಿನದ ಲೆಕ್ಕದಲ್ಲಿ ಕಾಸು. ಎರಡನೇ ದಿನಕ್ಕೆ ಕೊಡೋಕೆ ಜೇಬಿನಲ್ಲಿ ಏನೂ ಇರುತ್ತಿರಲಿಲ್ಲ. ಹಾಗಾಗಿ ಕೊಲೆಗಾರ ಬೆಳಗಾಗುವುದರೊಳಗೆ ಸಿಕ್ಕಿಬೀಳಲೇಬೇಕಿತ್ತು. ಎನ್. ನರಸಿಂಹಯ್ಯನವರನ್ನು ತಗೋ. ಸ್ಕೂಲಿಗೆ ಹೋಗಿದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆದದ್ದು ಐನೂರಕ್ಕೂ ಜಾಸ್ತಿ ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಬಿದ್ದು ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕಳಕೊಂಡೆ."

"ಆಮೇಲೆ ಬ್ಯಾಂಕಿನಲ್ಲಿ ಹೇಗೆ ಕೆಲಸ ಕೊಟ್ಟರು?" ಎಂದ ನಾಣಿ.

"ಅದು ಬೇರೆ ಪತ್ತೇದಾರಿ ಕತೆ" ಎಂದರು ರಾಯರು.

ಸೀನು ಸೋಲುವವನಲ್ಲ. "ಕಾಯುವುದರಲ್ಲಿ ತಪ್ಪೇನಿದೆ? ಅಗಾಥಾ ಕ್ರಿಸ್ಟಿ ತಮ್ಮ ಪತ್ತೇದಾರ ಪ್ವಾರೋನ ಕೊನೆಯ ಕೇಸನ್ನು ಎರಡನೇ ಮಹಾಯುದ್ಧದ ಹೊತ್ತಿಗೇ ಬರೆದು ಭದ್ರವಾಗಿ ಎತ್ತಿಟ್ಟಿದ್ದರು. ಅಚ್ಚಾಗಿದ್ದು 1975ರಲ್ಲಿ. ಮೂವತ್ತು ವರ್ಷ ಅದು ಕಾಯಲಿಲ್ಲವೇ?"

"ಆಕೆ ಎತ್ತಿಟ್ಟದ್ದು ಬರೆದು. ನೀನು ಎತ್ತಿಟ್ಟದ್ದು ಬಿಲ್ಲು ಕೊಟ್ಟು. ಅದಿರಲಿ, ಪ್ವಾರೋ ಸತ್ತಾಗ ನ್ಯೂಯಾರ್ಕ್ ಟೈಮ್ಸ್ ಮೊದಲ ಪುಟದಲ್ಲೇ ಹಾಕಿತ್ತಲ್ಲ…"

ಸೀನುವಿನ ಫೋನು ಕೈಯಲ್ಲೇ ನಿಂತಿತು. "ಸತ್ತನಾ?"

"ಹೂಂ. ಅದೇ ಪುಸ್ತಕದಲ್ಲಿ."

"ಥೂ! ಅದು ನನ್ನ ಹತ್ತಿರ ಇದೆ ಕಣೋ! ಮುಂದಿನ ರಜಕ್ಕೆ ಅಂತ ಇಟ್ಟಿದ್ದೆ. ಹೇಳಿಬಿಟ್ಟೆಯಲ್ಲೋ ಪಾಪಿ!"

"1975ರ ಆಗಸ್ಟ್ 6ರ ಪೇಪರಿನಲ್ಲಿ ಬಂದ ಸುದ್ದಿ. ನಿನಗೆ ಇನ್ನೂ ತಲುಪಿಲ್ಲ ಅಂದರೆ ನಾನೇನು ಮಾಡಲಿ?"

ಸೀನು ನಿಜಕ್ಕೂ ಬೇಜಾರಾದ. ಸತ್ತವರ ಮನೆಯಲ್ಲಿ ಕೂತ ಹಾಗೆ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಹೊರಗೆ ಮಳೆ ಶುರುವಾಯಿತು. ಆ ಮೌನದಲ್ಲಿ ರಾಯರು ಪೇಪರಿನ ಅಂಚಿನಲ್ಲಿ ಏನೋ ಲೆಕ್ಕ ಹಾಕುತ್ತಿದ್ದರು. ಗಣಿತ ಕಳಕೊಂಡವರು ಲೆಕ್ಕಕ್ಕೆ ಕೂತರೆ ಯಾವತ್ತೂ ಒಳ್ಳೆಯದಾಗುವುದಿಲ್ಲ.

"ಸೀನು, ಓದದೇ ಇರೋದು ಒಟ್ಟು ಎಷ್ಟು?"

"ಇವತ್ತಿನದು ಸೇರಿ 212."

"ವರ್ಷಕ್ಕೆ ಎಷ್ಟು ಓದುತ್ತೀಯ?"

"ನಾಲ್ಕು… ನಾಲ್ಕು ಅಂತಲೇ ಇಟ್ಟುಕೊಳ್ಳಿ."

"ಹಾಗಾದರೆ ಐವತ್ಮೂರು ವರ್ಷ. ನಿನಗೆ ಈಗ ಐವತ್ತೆಂಟು. ಕೊನೆಯ ಕೇಸು ಬಗೆಹರಿಯುವ ಹೊತ್ತಿಗೆ ನಿನಗೆ ನೂರಾ ಹನ್ನೊಂದು. ಅದೂ ಇವತ್ತಿನಿಂದ ಚರ್ಚ್ ಸ್ಟ್ರೀಟಿಗೆ ಕಾಲಿಡದೇ ಇದ್ದರೆ."

ನಾಣಿಯ ಬಾಯಲ್ಲಿ ಒಂದು ಮಾತು ತಯಾರಾಗಿತ್ತು. ಅವನಿಗೂ ಐವತ್ತೆಂಟೇ. ನುಂಗಿಕೊಂಡ. ಎದ್ದು ಕಪಾಟಿನ ಹತ್ತಿರ ಹೋಗಿ ಒಂದು ಪುಸ್ತಕ ಎಳೆದು, ಧೂಳು ಹಾರಿಸಲು ಜೋರಾಗಿ ಊದಿದ.

ಧೂಳೇ ಹಾರಲಿಲ್ಲ.

ಇನ್ನೊಂದು ತೆಗೆದ. ಅದೂ ಸ್ವಚ್ಛ. ಮೇಲಿನ ಸಾಲಿನ ಮೇಲೆ ಬೆರಳಾಡಿಸಿದ. ಬೆರಳು ಧೂಳಾಯಿತು. ಮತ್ತೆ ಕೆಳಗಿನ ಪುಸ್ತಕ ಬಿಡಿಸಿದ. ಒಂಬತ್ತನೇ ಅಧ್ಯಾಯದಲ್ಲಿ ಒಂದು ಸಾಸಿವೆ ಕಾಳು. ಹದಿಮೂರರಲ್ಲಿ ಅರಿಸಿನದ ಹೆಬ್ಬೆಟ್ಟು.

"ರಾಯರೇ, ಅಂತೂ ರೂಮಿನಲ್ಲಿ ಕೂತವರನ್ನು ಯಾರೋ ಬಿಡಿಸಿ ಮನೆಗೆ ಕಳಿಸಿದ್ದಾರೆ!"

ಬಜ್ಜಿ ತಟ್ಟೆ ಹಿಡಿದು ಬಂದ ಸೀನುವಿನ ಹೆಂಡತಿ ವಿಶಾಲು ಪುಸ್ತಕ ನೋಡಿದರು, ನಾಣಿಯ ಮುಖ ನೋಡಿದರು. ತಪ್ಪಿಸಿಕೊಳ್ಳುವ ಪ್ರಯತ್ನವೇನೂ ಮಾಡಲಿಲ್ಲ.

"ಕೈಗೆಟುಕುವ ಎರಡು ಸಾಲು ಮುಗಿದಿದೆ. ಮೇಲಿನದಕ್ಕೆ ಸ್ಟೂಲು ಹತ್ತಬೇಕು. ಮಂಡಿ ನೋವು."

"ಎಲ್ಲಾ ಓದಿದೀಯಾ? ಒಂದು ದಿನಾನೂ ಹೇಳಲಿಲ್ಲ!" ಎಂದ ಸೀನು.

"ಹೇಳಿದ್ದರೆ ಯಾರು ಕೊಂದರು ಅಂತ ಕೇಳುತ್ತಿದ್ದಿರಿ. ಆಮೇಲೆ ನೀವು ಓದುತ್ತಲೇ ಇರಲಿಲ್ಲ."

"ಈಗ ಓದಿ ಗುಡ್ಡೆ ಹಾಕಿದ್ದಾನೆ" ಎಂದ ನಾಣಿ. "ಹಾಗಾದರೆ ಈ ಠಾಣೆಯಲ್ಲಿ ನಿಮ್ಮ ಕೈಗೆ ಸಿಗದ ಕೊಲೆಗಾರನೇ ಇಲ್ಲ ಅನ್ನಿ."

ವಿಶಾಲು ಬಜ್ಜಿ ತಟ್ಟೆಯನ್ನು ಪುಸ್ತಕಗಳ ಪಕ್ಕ, ಫೋಟೋಗೆ ಅಂತ ಇಟ್ಟ ಕಾಫಿಯ ಜಾಗದಲ್ಲಿ ಇಟ್ಟರು.

"ಒಬ್ಬನಿದ್ದಾನೆ. ಶ್ರೀರಾಮಪುರದಲ್ಲಿದ್ದಾಗ, ನನಗೆ ಹದಿಮೂರು. ರಾಯರು ಹೇಳಿದಂಥದ್ದೇ ಬಾಡಿಗೆ ಲೈಬ್ರರಿ. ಅಪ್ಪ ನೋಡಿದರೆ ಬೈತಾರೆ ಅಂತ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ಓದಿದೆ. ಕೊನೆಗೆ ನೋಡಿದರೆ ಕೊನೆಯ ಹಾಳೆಯೇ ಇಲ್ಲ. ಯಾರೋ ಕಡಲೆಕಾಯಿ ಕಟ್ಟಿಬಿಟ್ಟಿದ್ದರೇನೋ. ಅಂಗಡಿಯವನನ್ನು ಕೇಳಿದೆ. ಅವನೂ ಓದಿರಲಿಲ್ಲ. ಒಬ್ಬ ಡಾಕ್ಟರು, ಒಬ್ಬ ದತ್ತುಮಗ, ಒಬ್ಬ ಅಡುಗೆಭಟ್ಟ. ಮೂವರಲ್ಲಿ ಒಬ್ಬ. ನನಗೆ ಅಡುಗೆಭಟ್ಟನ ಮೇಲೇ ಅನುಮಾನ. ಈಗಲೂ ಸಾರಿಗೆ ಒಗ್ಗರಣೆ ಹಾಕುವಾಗ ನೆನಪಾಗುತ್ತಾನೆ."

"ಪುಸ್ತಕದ ಹೆಸರು?" ಎಂದರು ರಾಯರು.

"ಮರೆತುಹೋಗಿದೆ. ಬರೆದವರದ್ದೂ ನೆನಪಿಲ್ಲ. ರಟ್ಟು ಕಿತ್ತುಹೋಗಿತ್ತು."

ಯಾರೂ ಬಜ್ಜಿಗೆ ಕೈ ಹಾಕಲಿಲ್ಲ. ಸೀನು ಎದ್ದು ಚಪ್ಪಲಿ ಮೆಟ್ಟಿದ, ಕೊಡೆ ತೆಗೆದುಕೊಂಡ.

"ಎಲ್ಲಿಗೋ?" ಎಂದ ನಾಣಿ.

"ಅವೆನ್ಯೂ ರೋಡಿಗೆ. ಭಾನುವಾರ ಅಲ್ವಾ, ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹಾಕಿರುತ್ತಾರೆ."

"ಈ ಮಳೆಯಲ್ಲಿ? ಹೆಸರೇ ಗೊತ್ತಿಲ್ಲದ ಪುಸ್ತಕ ಹೇಗೆ ಹುಡುಕುತ್ತೀಯೋ?"

"ಇದ್ದದ್ದೆಲ್ಲ ತರುತ್ತೇನೆ."

ವಿಶಾಲು ಕಪಾಟಿನ ಕಡೆ ನೋಡಿದರು. "ತಂದರೆ ಕೆಳಗಿನ ಸಾಲಿನಲ್ಲಿಡಿ."