ಮರಂಬಿಜಿ, ಮರ್ರೇ ನದಿಗಳ ಬಯಲಿನಲ್ಲಿ ಅಕ್ಟೋಬರ್ ತಿಂಗಳಲ್ಲಿ ಹಕ್ಕಿ ನೋಡಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನದಿದಡದವಳು

ನಾನು ಶ್ರೀರಂಗಪಟ್ಟಣದವಳು. ಎರಡು ವರ್ಷಗಳಿಂದ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ವಾಗ ವಾಗ ಪಟ್ಟಣದಲ್ಲಿದ್ದೇನೆ. ಅಕ್ಟೋಬರ್ ಕೊನೆಯ ವಾರದಲ್ಲಿ ನನ್ನ ತಾಯಿಯವರು ಇಲ್ಲಿಗೆ ಬರಲಿದ್ದಾರೆ. ರಂಗನತಿಟ್ಟಿನ ದೋಣಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಚಮಚಕೊಕ್ಕನ್ನೂ ಹಾವಕ್ಕಿಯನ್ನೂ ಗುರುತಿಸಲು ನನಗೆ ಕಲಿಸಿದವರು ಅವರೇ. ಇಲ್ಲಿನ ನದೀತೀರದ ಹಕ್ಕಿಗಳನ್ನು ಈಗ ನಾನು ಅವರಿಗೆ ತೋರಿಸಬೇಕೆಂದಿದ್ದೇನೆ. ಅವರಿಗೆ ಮಂಡಿನೋವಿರುವುದರಿಂದ ಸಮತಟ್ಟಾದ ದಾರಿಯಲ್ಲಿ ಒಂದು ಕಿಲೋಮೀಟರ್‌ನಷ್ಟು ಮಾತ್ರ ನಡೆಯಬಲ್ಲರು. ನಮಗೆ ಮೂರು ದಿನಗಳ ಬಿಡುವಿದೆ.

ಒಂದು ಆತಂಕವನ್ನೂ ಹೇಳಿಕೊಳ್ಳಬೇಕು. ಕಳೆದ ವರ್ಷ ಯಾವುದೋ ಪಟ್ಟಿಯಲ್ಲಿ ‘ನೋಡಲೇಬೇಕಾದ’ ಸ್ಥಳವೆಂದು ಓದಿ ಕೆರೆಯೊಂದಕ್ಕೆ ಎರಡು ಗಂಟೆ ಕಾರು ಓಡಿಸಿಕೊಂಡು ಹೋದಾಗ ಅಲ್ಲಿ ಬಿರುಕು ಬಿಟ್ಟ ಮಣ್ಣಿನ ಹೊರತು ಏನೂ ಇರಲಿಲ್ಲ. ತಾಯಿಯವರನ್ನು ಕರೆದುಕೊಂಡು ಹೋದಾಗ ಹಾಗಾಗಬಾರದು.

ಉತ್ತರ 1: ಜೊಂಡುಹುಲ್ಲು

ನಿಮ್ಮ ಅನುಭವ ಆಕಸ್ಮಿಕವಲ್ಲ. ಈ ಬಯಲಿನ ಜೌಗುಗಳಲ್ಲಿ ಬಹುಪಾಲು ನದಿ ಉಕ್ಕಿದಾಗ ತುಂಬಿ, ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಣಗಿರುವಂಥವು. ಹಕ್ಕಿಗಳೂ ನೀರನ್ನು ಹಿಂಬಾಲಿಸಿ ನೂರಾರು ಕಿಲೋಮೀಟರ್ ಅಲೆಯುತ್ತವೆ. ಆದ್ದರಿಂದ ಊರಿನ ಹೆಸರು ನೋಡಿ ಜಾಗ ಆರಿಸಬೇಡಿ. ಈ ವರ್ಷ ನೀರು ಎಲ್ಲಿದೆಯೆಂಬುದನ್ನು ಮೊದಲು ತಿಳಿದುಕೊಳ್ಳಿ. ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಆ ಸ್ಥಳದ ಕಳೆದ ಎರಡು ವಾರಗಳ ದಾಖಲೆಗಳನ್ನು ತೆರೆದರೆ ಸಾಕು: ಬಾತು, ಬೆಳ್ಳಕ್ಕಿ, ಗೊರವಗಳ ಹೆಸರುಗಳಿದ್ದರೆ ನೀರಿದೆ, ಬರೀ ಗಿಳಿ, ಕಾಗೆಗಳ ಹೆಸರುಗಳೇ ಇದ್ದರೆ ಇಲ್ಲ.

ನಿಮ್ಮ ತಾಯಿಯವರಿಗೆ ನಾನು ಮೊದಲು ಸೂಚಿಸುವುದು ಲೀಟನ್ ಊರಿನ ಅಂಚಿನಲ್ಲೇ ಇರುವ ಫೈವ್‌ಬೌ ಜೌಗನ್ನು. ವಾಗ ವಾಗದಿಂದ ನರಾಂಡೆರಾ ದಾರಿಯಾಗಿ ಒಂದೂವರೆ ಗಂಟೆಯ ಪ್ರಯಾಣ. ಇದೂ ಇದರ ಜೊತೆಗಾರ ಟಕರ್‌ಬಿಲ್ ಜೌಗೂ ಒಟ್ಟಾಗಿ 2002ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಗೆ ಸೇರಿದವು. ಫೈವ್‌ಬೌನಲ್ಲಿ ನೆಲ ಸಮತಟ್ಟಾಗಿದ್ದು, ಕಾಲುದಾರಿಗಳೂ ಮರೆಯಲ್ಲಿ ಕುಳಿತು ನೋಡುವ ಗೂಡುಗಳೂ ಇವೆ. ಅಕ್ಟೋಬರ್ ವೇಳೆಗೆ ಸೈಬೀರಿಯಾದಲ್ಲಿ ಮರಿ ಮಾಡಿ ಬಂದ ಚೂಪುಬಾಲದ ಗೊರವಗಳು ಕೆಸರಂಚಿನಲ್ಲಿ ಮೇಯುತ್ತಿರುತ್ತವೆ. ಜಪಾನಿನಿಂದ ಬರುವ ಲೇಥಮ್ಸ್ ಸ್ನೈಪ್ ಹುಲ್ಲಿನಲ್ಲಿ ಅಡಗಿದ್ದು, ಕಾಲ ಬುಡದಿಂದಲೋ ಎಂಬಂತೆ ತಟ್ಟನೆ ಎದ್ದು ಹಾರುತ್ತದೆ. ಮಿಂಚು ಕೆಂಬರಲು ನಿಮ್ಮಿಬ್ಬರಿಗೂ ಊರಿನ ಪರಿಚಯದ ಹಕ್ಕಿಯೇ. ಬ್ರೋಲ್ಗಾವನ್ನು ಮಾತ್ರ ಬಿಡಬೇಡಿ. ನಮ್ಮ ಸಾರಸ ಕೊಕ್ಕರೆಯ ಹತ್ತಿರದ ಬಂಧುವಾದ, ತಲೆಗೆ ಕೆಂಪು ಪಟ್ಟಿ ಕಟ್ಟಿಕೊಂಡಂತೆ ಕಾಣುವ ಈ ಬೂದು ಕ್ರೇನ್ ಜೋಡಿಯಾಗಿ ರೆಕ್ಕೆ ಬಿಚ್ಚಿ ಕುಣಿಯುವುದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಸೂರ್ಯ ಎದುರಿಗೆ ಬಂದರೆ ಹಕ್ಕಿಗಳೆಲ್ಲ ಕಪ್ಪು ನೆರಳಾಗುವುದರಿಂದ, ಬೆಳಿಗ್ಗೆ ಪೂರ್ವಕ್ಕೆ ಬೆನ್ನು ಮಾಡಿ ಕೂರುವ ಜಾಗವನ್ನು ಆರಿಸಿಕೊಳ್ಳಿ.

ಅದೇ ದಿನ ಮಧ್ಯಾಹ್ನದ ನಂತರ ಮರಂಬಿಜಿ ದಡದ ರಿವರ್ ರೆಡ್ ಗಮ್ ಎಂಬ ನೀಲಗಿರಿ ಜಾತಿಯ ಮರಗಳ ಕೆಳಗೆ ಸೂಪರ್ಬ್ ಪ್ಯಾರಟ್ ಹುಡುಕಿ. ಗಂಡಿಗೆ ಹಳದಿ ಮುಖ, ಕತ್ತಿನ ಕೆಳಗೆ ಕೆಂಪು ಪಟ್ಟಿ, ಉಳಿದಂತೆ ಎಳೆಯ ಭತ್ತದ ಹಸಿರು. ಹೆಣ್ಣುಗಳು ಹಳೆಯ ಮರಗಳ ಪೊಟರೆಗಳಲ್ಲಿ ಕಾವು ಕೂತಿರುವ ಕಾಲವದು. ಗಂಡುಗಳು ಗುಂಪಾಗಿ ಆಹಾರಕ್ಕೆ ಹೋಗಿ ಬಂದು ಅವಕ್ಕೆ ಉಣಿಸುತ್ತವೆ. ಈ ಗಿಳಿಗೆ ಗೂಡಿಗೆ ನದಿಯ ಮುದಿಮರ ಬೇಕು, ಮೇವಿಗೆ ಒಳನಾಡಿನ ಬಾಕ್ಸ್ ಎಂಬ ಇನ್ನೊಂದು ಬಗೆಯ ನೀಲಗಿರಿ ಮರಗಳ ಕಾಡು ಬೇಕು. ಇವೆರಡರ ನಡುವಿನ ಮರಗಳ ಸಾಲನ್ನು ಹೊಲಕ್ಕಾಗಿ ಕಡಿದಲ್ಲೆಲ್ಲ ಅದು ಸೊರಗಿದೆ. ಪೊಟರೆಯ ಕೆಳಗೆ ಹೆಚ್ಚು ಹೊತ್ತು ನಿಲ್ಲಬೇಡಿ, ಮೊಬೈಲಿನಲ್ಲಿ ಅದರ ಕೂಗನ್ನು ನುಡಿಸಲೇಬೇಡಿ.

ಉತ್ತರ 2: ಹಿನ್ನೀರು

ಎರಡನೆಯ ದಿನಕ್ಕೆ ದಕ್ಷಿಣದ ಮರ್ರೇ ನದಿಗೆ ಹೋಗಿ. ಮತೌರಾ ಊರಿನ ಬಳಿ ಮರ್ರೇ ವ್ಯಾಲಿ ರಾಷ್ಟ್ರೀಯ ಉದ್ಯಾನದಲ್ಲಿ ರೀಡ್ ಬೆಡ್ಸ್ ಎಂಬ, ಮರೆಯಲ್ಲಿ ಕುಳಿತು ಹಕ್ಕಿ ನೋಡುವ ಗೂಡಿದೆ. ಅಲ್ಲಿಗೆ ಹೋಗುವ ಹಲಗೆದಾರಿ ಚಿಕ್ಕದು, ನಿಮ್ಮ ತಾಯಿಯವರಿಗೆ ಕಷ್ಟವಾಗಲಾರದು. ನದಿಯಾಚೆಯ ವಿಕ್ಟೋರಿಯಾದ ಬಾರ್ಮಾ ಕಾಡನ್ನು ಸೇರಿಸಿದರೆ ಇದು ಜಗತ್ತಿನ ಅತಿ ದೊಡ್ಡ ರಿವರ್ ರೆಡ್ ಗಮ್ ಕಾಡು.

ಈ ಕಾಡು ಹುಟ್ಟಿದ ಬಗೆಯನ್ನು ತಿಳಿದು ಹೋದರೆ ನೋಟವೇ ಬೇರೆಯಾಗುತ್ತದೆ. ಹತ್ತಾರು ಸಾವಿರ ವರ್ಷಗಳ ಹಿಂದೆ ಇಲ್ಲಿ ಭೂಮಿ ಬಿರಿದು ಒಂದು ಮಗ್ಗುಲು ಮೇಲೆದ್ದು ನದಿಗೆ ಅಡ್ಡ ನಿಂತಿತು. ಅದಕ್ಕೆ ಕ್ಯಾಡೆಲ್ ಸ್ತರಭಂಗವೆಂದು ಹೆಸರು. ತಡೆದು ನಿಂತ ಮರ್ರೇ ಎತ್ತರವನ್ನು ಬಳಸಿ ಹೊಸ ದಾರಿ ಹಿಡಿಯಿತು. ಇಂದಿಗೂ ಬಾರ್ಮಾ ಬಳಿ ನದಿಯ ಪಾತ್ರ ಎಷ್ಟು ಕಿರಿದೆಂದರೆ, ಹೆಚ್ಚಿನ ನೀರು ಬಂದರೆ ಕಾಡಿನೊಳಕ್ಕೆ ನುಗ್ಗಲೇಬೇಕು. ಆ ನೆರೆಯೇ ಮರಗಳಿಗೂ ಹಕ್ಕಿಗಳಿಗೂ ಜೀವ. 1936ರಲ್ಲಿ ಹ್ಯೂಮ್ ಅಣೆಕಟ್ಟು ಮುಗಿದ ಮೇಲೆ ಈ ಲಯ ತಿರುಗಿತು: ಚಳಿಗಾಲ, ವಸಂತಗಳ (ಇಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ) ನೀರು ಜಲಾಶಯದಲ್ಲಿ ಉಳಿದು, ನೀರಾವರಿಗಾಗಿ ಬೇಸಿಗೆಯಲ್ಲಿ ಹರಿಯತೊಡಗಿತು. ಈಗ ಪರಿಸರಕ್ಕೆಂದೇ ಮೀಸಲಿಟ್ಟ ನೀರನ್ನು ವಸಂತದಲ್ಲಿ ಬಿಡುತ್ತಾರೆ. ಕೆಂಬರಲುಗಳು ಗೂಡು ಕಟ್ಟಿದ ಮೇಲೆ ಮಟ್ಟ ತಟ್ಟನೆ ಇಳಿದರೆ ಅವು ಮೊಟ್ಟೆ, ಮರಿಗಳನ್ನು ಬಿಟ್ಟು ಹೋಗಿಬಿಡುತ್ತವೆ. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟಾಗ ರಂಗನತಿಟ್ಟಿನ ನಡುಗಡ್ಡೆಗಳು ಮುಳುಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅಲ್ಲಿ ಗೂಡಿಗೆ ನೀರು ಏರುವ ಭಯ, ಇಲ್ಲಿ ಇಳಿಯುವ ಭಯ.

ನೀರು ಏರಿದ್ದರೆ, ಮಳೆ ಬಂದಿದ್ದರೆ ಕಾಡಿನ ಮಣ್ಣುದಾರಿಗಳನ್ನು ಮುಚ್ಚಿರುತ್ತಾರೆ. ಹೊರಡುವ ದಿನ ಉದ್ಯಾನದ ಜಾಲತಾಣವನ್ನು ನೋಡಿ. ರೆಡ್ ಗಮ್ ಮರಗಳು ಗಾಳಿಯಿಲ್ಲದಾಗಲೂ ದಪ್ಪ ಕೊಂಬೆಗಳನ್ನು ಉದುರಿಸುತ್ತವೆ, ಆದ್ದರಿಂದ ಊಟಕ್ಕೆ ಅವುಗಳ ನೆರಳಿನಲ್ಲಿ ಕೂರಬೇಡಿ.

ನದಿದಡದವಳು

ಇಬ್ಬರಿಗೂ ಕೃತಜ್ಞತೆಗಳು. ಮೂರನೆಯ ದಿನಕ್ಕೆ ಒಂದು ಪ್ರಶ್ನೆ. ಇಲ್ಲಿನ ಭತ್ತದ ಗದ್ದೆಗಳಲ್ಲಿ ಬಿಟ್ಟರ್ನ್ ಎಂಬ ಅಪರೂಪದ ಬಕ ಗೂಡು ಮಾಡುತ್ತದೆಂದು ಕೇಳಿದ್ದೇನೆ. ಮಂಡ್ಯದ ಗದ್ದೆಗಳ ಪಕ್ಕದಲ್ಲೇ ಬದುಕಿದ ತಾಯಿಯವರು ಅದನ್ನು ನೋಡಿದರೆ ಬಹಳ ಸಂತೋಷಪಡುತ್ತಾರೆ. ಸಾಧ್ಯವೇ?

ಉತ್ತರ 3: ಗದ್ದೆಬದು

ನಿಮ್ಮ ತಾಯಿಯವರನ್ನು ನಿರಾಶೆಗೊಳಿಸಲು ಮನಸ್ಸಿಲ್ಲ, ಆದರೆ ಗದ್ದೆಯಲ್ಲಿ ಅದನ್ನು ಕಾಣಲು ಅಕ್ಟೋಬರ್ ಬಹಳ ಬೇಗವಾಯಿತು. ಆಗಿನ್ನೂ ಬಿತ್ತನೆ ನಡೆದಿರುತ್ತದೆ. ಪೈರು ಹಕ್ಕಿಯನ್ನು ಮರೆಮಾಡುವಷ್ಟು ಎತ್ತರವಾದ ಮೇಲೆ, ಅಂದರೆ ಡಿಸೆಂಬರ್, ಜನವರಿಗಳಲ್ಲಿ, ಅವು ಲೀಟನ್, ಕೊಲಿಯಾಂಬಲಿ ಸುತ್ತಿನ ಗದ್ದೆಗಳಿಗೆ ಬಂದು ಗೂಡು ಮಾಡುತ್ತವೆ. ಅಳಿವಿನಂಚಿನ ಈ ಹಕ್ಕಿ ಬೆಳೆಗಾರರ ಗದ್ದೆಯಲ್ಲಿ ಮರಿ ಮಾಡುತ್ತಿರುವುದು ತಿಳಿದ ಮೇಲೆ ಅನೇಕ ರೈತರು ಬೇಗ ನೀರು ಕಟ್ಟಿ, ಮರಿಗಳು ಹಾರುವವರೆಗೆ ಗದ್ದೆಯಲ್ಲಿ ನೀರು ಉಳಿಸುವ ಪ್ರಯತ್ನ ಮಾಡುತ್ತಿದ್ದಾರೆ. ಕಟಾವಿಗೆ ಮುನ್ನ ನೀರು ಬಸಿಯುವ ಹೊತ್ತಿಗೆ ಮರಿ ಬಲಿತಿರಬೇಕೆಂಬುದೇ ಇಲ್ಲಿನ ಲೆಕ್ಕ. ಉಪಗ್ರಹ ಸಾಧನ ಕಟ್ಟಿ ಬಿಟ್ಟ ಒಂದು ಬಿಟ್ಟರ್ನ್, ಬೆಳೆ ಮುಗಿದ ಮೇಲೆ ದಕ್ಷಿಣ ಆಸ್ಟ್ರೇಲಿಯಾದ ಕರಾವಳಿಯ ಜೌಗಿನವರೆಗೆ 500 ಕಿಲೋಮೀಟರ್‌ಗೂ ಹೆಚ್ಚು ದೂರ ಹಾರಿತ್ತು.

ಆದರೂ ಮೂರನೆಯ ದಿನ ಮತ್ತೆ ಫೈವ್‌ಬೌಗೆ ಹೋಗಿ, ಸಂಜೆ ಜೊಂಡಿನ ಅಂಚಿನಲ್ಲಿ ಮಾತಿಲ್ಲದೆ ಕುಳಿತುಕೊಳ್ಳಿ. ಗಂಡು ಬಿಟ್ಟರ್ನ್ ವಸಂತದಲ್ಲಿ ಕತ್ತಲಾಗುವ ಹೊತ್ತಿಗೆ, ಖಾಲಿ ಹಂಡೆಯ ಬಾಯಿಗೆ ಊದಿದಂಥ ಗಂಭೀರ ದನಿಯಲ್ಲಿ ಕೂಗುತ್ತದೆ. ಹಕ್ಕಿ ಕಾಣದಿದ್ದರೂ ಆ ದನಿ ಕೇಳಿಸಬಹುದು. ತುಂಬು ತೋಳಿನ ಬಟ್ಟೆ ಹಾಕಿಕೊಂಡು ಸೊಳ್ಳೆ ನಿವಾರಕವನ್ನು ತಪ್ಪದೆ ಹಚ್ಚಿಕೊಳ್ಳಿ. ಮಂಡ್ಯ, ಕೋಲಾರಗಳ ಕಡೆ ಮೆದುಳು ಜ್ವರವೆಂದು ಹೆದರುವ ಜಪಾನೀಸ್ ಎನ್ಸೆಫಲೈಟಿಸ್ 2022ರಲ್ಲಿ ಈ ನದೀಬಯಲಿನಲ್ಲೂ ಕಾಣಿಸಿಕೊಂಡಿತ್ತು. ಹಾವುಗಳು ಚುರುಕಾಗುವ ಕಾಲವಾದ್ದರಿಂದ ಮುಚ್ಚಿದ ಬೂಟು, ಕೈಯಲ್ಲಿ ಟಾರ್ಚು ಇರಲಿ. ಮರಳುವಾಗ ಕಾಂಗರೂಗಳು ರಸ್ತೆಗೆ ಹಾರುವ ಹೊತ್ತಾಗಿರುತ್ತದೆ, ಹಾಗಾಗಿ ಆ ರಾತ್ರಿ ಲೀಟನ್‌ನಲ್ಲೇ ಉಳಿದುಕೊಳ್ಳಿ.